ಒಣಗಿದ ಪ್ಲಗ್

ಭಾವ ಕಿಕ್ಕರ್ ಒದ್ದೇ ಒದ್ದ; ಅಂಗಳದಲ್ಲಿ ನಿಂತ ಸ್ಕೂಟರ್ ಒಮ್ಮೆ ಕೆಮ್ಮಲೂ ಇಲ್ಲ. "ಹೊಸ ಪಿಸ್ಟನ್ ಹಾಕಿದ್ದೀಯೋ, ಹಂಚಿನ ಚೂರು ತುರುಕಿದ್ದೀಯೋ? ಬೇಗ ನೋಡಯ್ಯಾ, ನಿಮ್ಮಕ್ಕನ್ನ ಕರ್ಕೊಂಡು ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು."

ಮೆಕ್ಯಾನಿಕ್ ಆಗಿದ್ದ ಅವಳ ತಮ್ಮ ಪ್ಲಗ್ ಬಿಚ್ಚಿದ. ಅಷ್ಟು ಒದ್ದಮೇಲೆ ಪೆಟ್ರೋಲಿನಲ್ಲಿ ತೊಯ್ದಿರಬೇಕಾದದ್ದು ಬೆಂಕಿಕಡ್ಡಿಯಷ್ಟು ಒಣಗಿತ್ತು. ಪೈಪಿನ ಗುಂಟ ಬೆರಳಾಡಿಸುತ್ತ ಮೇಲೆ ಹೋದ. ಬೆಳಗ್ಗೆ ತಾನೇ ತೆರೆದಿದ್ದ ಪೆಟ್ರೋಲ್ ನಲ್ಲಿಯನ್ನು ಯಾರೋ ಮುಚ್ಚಿದ್ದರು. ಅದರ ಜಿಡ್ಡಿನ ಮೇಲೆ ಗೋಧಿಹಿಟ್ಟಿನ ಬೆರಳಚ್ಚು.

ತಲೆಯೆತ್ತಿದ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಹಿಟ್ಟಿನ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು ನಿಂತಿದ್ದಳು. ತವರಿಗೆ ಬಂದ ದಿನವೇ ತಮ್ಮನ ಮುಂದೆ "ನನ್ನನ್ನ ಮತ್ತೆ ಅಲ್ಲಿಗೆ ಕಳಿಸ್ಬೇಡ್ವೋ" ಎಂದು ಅತ್ತಿದ್ದಳು. ಎಲ್ಲರ ಮನೆಯಲ್ಲೂ ಇರುವುದೇ, ಹೊಂದಿಕೊಂಡು ಹೋಗು ಎಂದು ಅವನು ಬಾಯಿ ಮುಚ್ಚಿಸಿದ್ದ.

"ಏನು, ಸಿಕ್ತೇನಯ್ಯಾ?" ಭಾವ ಬಗ್ಗಿದ.

ತಮ್ಮನು ಹೆಬ್ಬೆರಳಿನಿಂದ ಹಿಟ್ಟನ್ನು ಒರೆಸಿಹಾಕಿ ಸ್ಪ್ಯಾನರ್ ಎತ್ತಿಕೊಂಡ. "ಸಿಕ್ತು ಭಾವ. ನನ್ದೇ ತಪ್ಪು, ಪಿಸ್ಟನ್ ಹಿಂದುಮುಂದಾಗಿ ಕೂರಿಸ್ಬಿಟ್ಟಿದ್ದೀನಿ. ಪೂರ್ತಿ ಬಿಚ್ಬೇಕು. ನೀವು ಬಸ್ಸಲ್ಲಿ ಹೊರಡಿ. ಅಕ್ಕ ಇಲ್ಲೇ ಇರ್ತಾಳೆ."