ಸಂಸ್ಕೃತ ಮೇಷ್ಟ್ರ ಕಬಡ್ಡಿ

ಪಿ.ಟಿ. ಮೇಷ್ಟ್ರು ವರ್ಗವಾಗಿ ಹೋದ ಮೇಲೆ ನಮ್ಮ ಕಾಲೇಜಿನ ಕಬಡ್ಡಿ ತಂಡಕ್ಕೆ ಕೋಚ್ ಆದವರು ಸಂಸ್ಕೃತದ ಮೇಷ್ಟ್ರು. ಫೈನಲ್‌ನಲ್ಲಿ ನಮಗೆ ಎದುರಾದವರು ಗರಡಿಯಲ್ಲಿ ಬೆಳೆದ ಏಳು ಜನ ಜಟ್ಟಿಗಳು.

"ಸಾರ್, ಅವ್ರು ಹಿಡಿದ್ರೆ ನನ್ ಮೂಳೆ ಉಳಿಯಲ್ಲ," ಎಂದಿದ್ದ ನಮ್ಮ ರೈಡರ್ ಮರಿಗೌಡ.

"ಹಿಡಿದ್ರೆ ತಾನೆ? ಕಬಡ್ಡಿ ಕಬಡ್ಡಿ ಅಂತ ಹೋಗು, ಭಕ್ತಿಯಿಂದ ಕಾಲು ಮುಟ್ಟಿ ನಮಸ್ಕಾರ ಮಾಡು, ವಾಪಸ್ ಓಡಿ ಬಾ. ಕಾಲಿಗೆ ಬಿದ್ದೋನನ್ನ ಯಾರೂ ಕೆಡವಲ್ಲ ಕಣಯ್ಯ. ಆದ್ರೆ ಬಾಯಲ್ಲಿ ಬೇರೆ ಮಾತು ಬರಕೂಡದು. ಬಂತೋ, ನೀನೇ ಔಟ್."

ತಿಂಗಳಿಡೀ ಅದೇ ಅಭ್ಯಾಸ. ಒಬ್ಬ ಕಾಲಿಗೆ ಬೀಳಬೇಕು, ಇನ್ನೊಬ್ಬ ಎದುರಾಳಿಯಂತೆ ನಿಂತು ಆಶೀರ್ವಾದ ಮಾಡಬೇಕು. ಆಶೀರ್ವಾದ ತಡವಾದರೆ ಮೇಷ್ಟ್ರು ಮೈದಾನದ ಸುತ್ತ ಹತ್ತು ಸುತ್ತು ಓಡಿಸುತ್ತಿದ್ದರು.

ಫೈನಲ್‌ನಲ್ಲಿ ಉಪಾಯ ಫಲಿಸಿತು. ಮರಿಗೌಡ ಬಗ್ಗಿದಾಗಲೆಲ್ಲ ಜಟ್ಟಿಗಳು ನಾಚಿಕೊಂಡು, "ಅಯ್ಯೋ, ಇರ್ಲಿ ಬಿಡಪ್ಪ," ಎಂದು ಕೈಮುಗಿದು ನಿಂತರು. ಒಬ್ಬೊಬ್ಬರಾಗಿ ಔಟಾದರು. ಕೊನೆಯ ರೈಡಿನ ಹೊತ್ತಿಗೆ ಅಂಕ ಸಮವಾಗಿತ್ತು. ಅಂಕಣದಲ್ಲಿ ಉಳಿದವನು ಅವರ ನಾಯಕ ಒಬ್ಬನೇ.

"ಹೋಗೋ, ಕಪ್ ನಮ್ದೇ!" ಎಂದು ಮೇಷ್ಟ್ರು ಕೂಗಿದರು.

ಮರಿಗೌಡ ಕಬಡ್ಡಿ ಕಬಡ್ಡಿ ಎನ್ನುತ್ತ ನುಗ್ಗಿದ. ಅವನು ಬಗ್ಗುವ ಮೊದಲೇ ನಾಯಕ, ಅವನ ಪಾದಗಳಿಂದ ಗೇಣು ದೂರದಲ್ಲಿ, ಉದ್ದಕ್ಕೆ ಅಡ್ಡಬಿದ್ದ.

ಮರಿಗೌಡ ಒಂದು ಕ್ಷಣವೂ ತಡಮಾಡದೆ ಎರಡೂ ಕೈಯೆತ್ತಿ ಗಟ್ಟಿಯಾಗಿ ಹೇಳಿದ: "ನೂರು ವರ್ಷ ಸುಖವಾಗಿ ಬಾಳಪ್ಪ!"