ಯಾರೂ ಗೆಲ್ಲದ ರೇಸು

ಪೆಟ್ರೋಲ್ ಬಂಕಿನಲ್ಲಿ ಸ್ಕೂಟರ್ ನಿಲ್ಲಿಸಿದಾಗಲೆಲ್ಲ, ಆ ವಾಸನೆಗೆ ನನಗೆ ದೊಡ್ಡಪ್ಪ ನೆನಪಾಗುತ್ತಾರೆ. ಹಳೇ ಕಾರಿನ ಚಾವಣಿ ಕತ್ತರಿಸಿ, ಜೀಪಿನ ಎಂಜಿನ್ ಕೂರಿಸಿ, ನಮ್ಮ ಹೊಳೆನರಸೀಪುರದ ಕಡೆ ಮೊದಲು ರೇಸು ಓಡಿಸಿದವರು ಅವರೇ. ಅವರನ್ನು ನೋಡಿ ಕಲಿತವರು ಅರಕಲಗೂಡು, ಚನ್ನರಾಯಪಟ್ಟಣದಿಂದಲೂ ತಾವೇ ಕಟ್ಟಿದ ಕಾರು ತರುತ್ತಿದ್ದರು.

ಒಂದು ಮಧ್ಯಾಹ್ನ ಹಳ್ಳಿಮೈಸೂರಿನ ಹತ್ತಿರ, ರಾಗಿ ಕೊಯ್ದ ಹೊಲದಲ್ಲಿ ರೇಸು. ದೊಡ್ಡಪ್ಪ ಎಲ್ಲರಿಗಿಂತ ಮುಂದಿದ್ದರು. ಹಿಂದೆ ಅರಕಲಗೂಡಿನವನೊಬ್ಬನ ಕಾರು ಬದು ಹತ್ತಿ ಮಗುಚಿತು. ಜನರ ಕೂಗು ಕೇಳಿದ್ದೇ ದೊಡ್ಡಪ್ಪ ಗೆಲುವಿನ ಗೆರೆ ದಾಟದೆ ಕಾರು ತಿರುಗಿಸಿಕೊಂಡು ಬಂದರು. ಅವರನ್ನು ಕಂಡು ಉಳಿದವರೂ ತಿರುಗಿದರು. ಎಲ್ಲರೂ ಸೇರಿ ಕಾರೆತ್ತಿ ಅವನನ್ನು ಹೊರಗೆಳೆದರು. ಹಣೆ ಒಡೆದಿತ್ತು, ಅಷ್ಟೇ. ಅವನು ಮಾತ್ರ ಬಿಕ್ಕುತ್ತ, "ಕಾರು ಓಯ್ತು ಸಾ" ಎಂದ.

"ಕಾರು ನಾನ್ ಕಟ್ಕೊಡ್ತೀನಿ ಕಣ್ಲಾ, ನಿನ್ನ ಯಾವನ್ಲಾ ಕಟ್ಕೊಡ್ತಾನೆ?" ಎಂದು ದೊಡ್ಡಪ್ಪ ತಮ್ಮ ಅಂಗಿ ಬಿಚ್ಚಿ ಅವನ ಹಣೆಗೆ ಒತ್ತಿ ಹಿಡಿದರು.

ಸಂಜೆ ಬರೀ ಬನಿಯನ್ನಿನಲ್ಲಿ ಮನೆಗೆ ಬಂದರು. ರೇಸಿನ ದಿನ ಅವರ ಜೊತೆ ಮಾತೇ ಆಡದ ದೊಡ್ಡಮ್ಮ, ಅವತ್ತು ತಾವಾಗಿ "ಯಾರ್ ಗೆದ್ರು?" ಎಂದು ಕೇಳಿದರು.

"ಯಾರೂ ಗೆಲ್ನಿಲ್ಲ ಕಣೆ," ಎನ್ನುತ್ತ ದೊಡ್ಡಪ್ಪ ಕಾಫಿ ಲೋಟಕ್ಕೆ ಕೈಚಾಚಿದರು. ಕಾರೆತ್ತಿ ಸುಲಿದ ಅಂಗೈಗೆ ಬಿಸಿ ತಾಗಿ ಕಾಫಿ ತುಳುಕಿತು. ದೊಡ್ಡಮ್ಮ ಪಕ್ಕದಲ್ಲಿ ಕೂತು, ಲೋಟ ತಾವೇ ಹಿಡಿದು ಕುಡಿಸಿದರು.