ಮೂರನೇ ರಾತ್ರಿಯ ಕುರಿ

ಬೆಳಿಗ್ಗೆ ಏಳು ಇಪ್ಪತ್ತು. ಹುಮನಾಬಾದ್ ಹತ್ತಿರ, ಹುಡಗಿ ಎಂಬ ಊರಿನ ಶಿವಾರದ ಒಂದು ಬೋಳು ಹೊಲದಲ್ಲಿ ಕೂತು ಅಶೋಕಕುಮಾರ ಮೂರನೇ ಚೀಲಕ್ಕೆ ಕುರಿಹಿಕ್ಕೆ ತುಂಬುತ್ತಿದ್ದ. ಹೊಲ ಅವನದಲ್ಲ. ಹೈದರಾಬಾದಿನಿಂದ ಬಸವಕಲ್ಯಾಣಕ್ಕೆ, ಹೆಂಡತಿಯ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೊರಟವನು ಹಿಕ್ಕೆ ಕಂಡು ಕಾರು ನಿಲ್ಲಿಸಿದ್ದ.

“ಏನ್ರೀ, ಸಾಕು ಬರ್ರಿ. ಹೊಸಾ ಪ್ಯಾಂಟದು,” ಎಂದು ದೀಪಾಲಿ ಕಾರಿನಿಂದ ಕೂಗಿದಳು.

“ಹೈದರಾಬಾದ್‌ನ್ಯಾಗ ಇದನ್ನ ಪುಡಿಕಿ ಕಟ್ಟಿ ಮಾರ್ತಾರ. ಇಲ್ಲಿ ನೋಡು, ಚಾಪಿ ಹಾಸಿದಂಗ ಬಿದ್ದದ. ಹೇಳೋರಿಲ್ಲ, ಕೇಳೋರಿಲ್ಲ.”

ಕೂಕಟಪಲ್ಲಿಯಲ್ಲಿ, ನಾಲ್ಕು ಮಹಡಿಯ ಮೇಲಿನ ಬಿಸಿಲುಮಾಳಿಗೆಯಲ್ಲಿ, ಅವನ ನಲವತ್ತು ಕುಂಡಗಳಿವೆ. ಕಚೇರಿಯಿಂದ ಬಂದವನು ಬೂಟು ಬಿಚ್ಚಿ ನೇರ ಮೇಲೆ ಹೋಗುತ್ತಾನೆ. ಮಲ್ಲಿಗೆಯ ಬುಡ ಕೆದಕಿ, ಬದನೆಯ ಎಲೆ ಮಗುಚಿ ಹುಳು ಹುಡುಕಿ, ಉಗುರಲ್ಲಿ ಮಣ್ಣಿಟ್ಟುಕೊಂಡೇ ಊಟಕ್ಕೆ ಕೂರುತ್ತಾನೆ. ಬೀದರಿನ ನೌಕರರ ಕಾಲೊನಿಯಲ್ಲಿ ಬೆಳೆದವನಿಗೆ ಮಣ್ಣು ಸಿಕ್ಕಿದ್ದು ಅಲ್ಲೇ, ಅಷ್ಟು ಎತ್ತರದಲ್ಲಿ. ಪರಊರಿಗೆ ಹೊರಟಾಗಲೆಲ್ಲ ಕಾರಿನ ಡಿಕ್ಕಿಯಲ್ಲಿ ಖಾಲಿ ಚೀಲ ಇಟ್ಟುಕೊಳ್ಳುತ್ತಾನೆ.

ಬದು ಹತ್ತಿ ಬಂದ ಮುದುಕಿ ಹೊಲದ ಒಡತಿ ಮಾಣಿಕಮ್ಮ. ಚೀಲಗಳನ್ನು ನೋಡಿದಳು, ಆಮೇಲೆ ಅವನನ್ನು.

“ಏನ್ ಮಾಡಾಕತ್ತೀರಿ ಸಾಹೇಬ್ರ? ಅದು ಸುಮ್ಮ ಬಿದ್ದದ್ದಲ್ರಿ. ಹೊಲಕ್ಕ ಕುರಿ ಕೂಡ್ಸೀನಿ ನಾ. ಮೂರು ರಾತ್ರಿ ಕುರಿ ಇಲ್ಲೇ ಮಲಗಬೇಕು, ಕುರಿಯವಗ ಒಂದು ಚೀಲ ಜ್ವಾಳಾ ಅಂತ ಮಾತಾಗ್ಯಾದ. ಎರಡು ರಾತ್ರಿ ಆಗ್ಯಾವ, ಇವತ್ತೊಂದು ಅದ. ಯಾರಿಗಿ ಕೇಳಿ ತುಂಬಿದ್ರಿ?”

ಅಶೋಕಕುಮಾರ ಚೀಲ ಬಿಟ್ಟು ಎದ್ದು ನಿಂತ. ಯಾರನ್ನೂ ಕೇಳಿಲ್ಲ ಎಂದರೆ ಮುಂದಿನ ಮಾತು ಏನೆಂದು ಅವನಿಗೆ ಗೊತ್ತಿತ್ತು. ಕಾರಿನ ಗಾಜು ಇಳಿದಿತ್ತು, ಹೆಂಡತಿಗೂ ಕೇಳಿಸುತ್ತಿತ್ತು.

“ಕುರಿಯವ್ರಿಗಿ ಕೇಳೀನವ್ವಾ,” ಎಂದ.

“ದೇವಿಂದ್ರಪ್ಪಗ?”

“ಹೌದ್ರಿ. ತಗೊಂಡ್ ಹೋಗ್ರಿ ಅಂದ.”

ಮಾಣಿಕಮ್ಮ ಒಂದು ಹಿಡಿ ಹಿಕ್ಕೆ ಎತ್ತಿ ನೋಡಿದಳು. “ಹತ್ತು ವರ್ಷದಿಂದ ಅವನ ಕುರೀನೇ ಕೂಡಸ್ತೀನಿ,” ಎಂದಳು. “ನನ್ನ ಜ್ವಾಳಾ ತಿಂದು, ನನ್ನ ಹೊಲದ ಗೊಬ್ಬರ ಕಾರಿನವರಿಗಿ ಕೊಟ್ಟಾನ? ಇರ್ಲಿ. ನಿಮ್ದೇನು ತಪ್ಪದ? ನಿಮಗ ಎಷ್ಟು ಎಕರೆ?”

“ಹೊಲ ಇಲ್ರಿ. ಕುಂಡ. ನಲವತ್ತು.”

“ನಲವತ್ತು ಕುಂಡಕ್ಕ ಮೂರು ಚೀಲ ಹಸಿ ಹಿಕ್ಕಿ? ಗಿಡ ಸುಡಬೇಕಂತ ಮಾಡೀರೇನು?” ಅವಳಿಗೆ ನಗು ಬಂತು. “ಒಯ್ರಿ, ಗಿಡಕ್ಕ ಅಂದ್ರಲ್ಲ. ಆದ್ರ ಮೂರು ತಿಂಗಳು ಕೊಳಿಯಾಕ ಬಿಡ್ರಿ.” ಬೇಡ ಬೇಡ ಎಂದರೂ ಕೇಳದೆ ಚೀಲದ ಇನ್ನೊಂದು ತುದಿ ಹಿಡಿದು ಡಿಕ್ಕಿಗೆ ಏರಿಸಿಕೊಟ್ಟಳು.

ಹುಮನಾಬಾದ್ ದಾಟಿದ ಮೇಲೆ ದೀಪಾಲಿ ಕೇಳಿದಳು: “ದೇವಿಂದ್ರಪ್ಪ ನೋಡಾಕ ಹ್ಯಾಂಗ ಅದಾನ್ರಿ?”

“ಬರೂವಾಗ ನಿಂತು ಆಕಿಗಿ ಖರೇ ಹೇಳ್ತೀನಿ. ಈಗ ಹೊತ್ತಾಗ್ಯಾದ.”

ಬಸವಕಲ್ಯಾಣದಲ್ಲಿ ಹೋಳಿಗೆ ಊಟ. ಭಾವಮೈದುನ ನಾಲ್ಕು ಜನರನ್ನು ಕರೆತಂದು, “ಇವ್ರೇ ನಮ್ಮ ಭಾವ. ಪಟ್ಟಣದಾಗ ಇದ್ರೂ ಗಿಡ ಅಂದ್ರ ಜೀವಾ ಬಿಡ್ತಾರ,” ಎಂದು ಪರಿಚಯಿಸಿದ. ಅಂಗಳದಲ್ಲಿ ಇವರ ಕೈಯಿಂದಲೇ ಒಂದು ಸಸಿ ನೆಡಿಸಬೇಕೆಂದ. ಅಶೋಕಕುಮಾರ ನೆಟ್ಟ. ಫೋಟೊ ತೆಗೆಯುವಾಗ ತಲೆ ಎತ್ತಲಿಲ್ಲ. “ಡಿಕ್ಕ್ಯಾಗ ಗೊಬ್ಬರನೂ ಅದ, ಹಾಕ್ರಿ,” ಎಂದು ದೀಪಾಲಿ ಎಲ್ಲರೆದುರು ಹೇಳಿದಳು. ಅವನು ನೀರು ಮಾತ್ರ ಹಾಕಿದ.

ಸಂಜೆ ಆರಕ್ಕೆ ವಾಪಸು ಹುಡಗಿ ಶಿವಾರಕ್ಕೆ ಬಂದಾಗ ರಸ್ತೆ ತುಂಬ ಕುರಿ. ಕುರಿದೊಡ್ಡಿಯ ಮಡಚಿದ ಬಲೆ, ಗೂಟಗಳನ್ನು ಹೇರಿಕೊಂಡ ಕತ್ತೆ ಮುಂದಿತ್ತು. ಹಿಂದೆ ಕಂಬಳಿಯ ಮನುಷ್ಯ ಕೈ ಎತ್ತಿ ವಾಹನ ತಡೆಯುತ್ತಿದ್ದ. ಅಶೋಕಕುಮಾರ ಎಂಜಿನ್ ಆರಿಸಿದ.

“ಹಾರ್ನ್ ಹೊಡೀಲಾರದ ನಿಂತ್ರಿ ಸಾಹೇಬ್ರ, ಪುಣ್ಯಾ ಬರ್ಲಿ,” ಎಂದ ಆ ಮನುಷ್ಯ.

“ಎಲ್ಲಿಗಿ ಹೊಂಟೀರಿ, ದೇವಿಂದ್ರಪ್ಪ?”

“ಕೊಡಂಬಲದ ಕಡಿ. ಹೊಲದವ್ರು ಇಲ್ಲಿ ಬ್ಯಾಡ ಅಂದ್ರು.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ನನ್ನ ಹೆಸರು ನಿಮಗ ಹ್ಯಾಂಗ ಗೊತ್ತು?”

ಅಶೋಕಕುಮಾರ ಇಳಿದ. ಬೆಳಗಿನದನ್ನೆಲ್ಲ ಹೇಳಿದ, ಏನೂ ಬಿಡಲಿಲ್ಲ. ಡಿಕ್ಕಿ ತೆರೆದು ಚೀಲ ತೋರಿಸಿದ. “ಬರ್ರಿ, ಆಕಿ ಮುಂದ ನಾನೇ ಹೇಳ್ತೀನಿ. ಕುರಿ ತಿರುಗಸ್ರಿ,” ಎಂದು ಕೈ ಮುಗಿದ.

ದೇವಿಂದ್ರಪ್ಪ ಚೀಲಗಳನ್ನು ನೋಡುತ್ತ ನಿಂತ. ಬೈಯಲಿಲ್ಲ.

“ಆಕಿ ನನಗೊಂದು ಮಾತು ಕೇಳಲಿಲ್ರಿ,” ಎಂದ. “ಮುಂಜಾನಿ ನೀವು ಹೇಳಿದ್ರಿ, ನಾ ಕಳ್ಳ ಆದೆ. ಈಗ ಮತ್ತ ನೀವೇ ಹೇಳಿ, ನಾ ಸಾಚಾ ಆಗಬೇಕೇನು?”

ಕುರಿಗಳು ರಸ್ತೆ ದಾಟಲು ಎಂಟು ನಿಮಿಷ ಹಿಡಿಯಿತು. ಆ ರಾತ್ರಿ ಅವು ಕೊಡಂಬಲದ ಹಾದಿಯಲ್ಲಿ ಬೇರೆಯವರ ಹೊಲದಲ್ಲಿ ಮಲಗಿದವು.